ನಾಲ್ಕನೇ ಆರ್ಮೇಚರ್ ಹಾಕುವ ಮುನ್ನ

2024ರ ಫೆಬ್ರವರಿ ಕೊನೆಯ ವಾರ. ಮಧ್ಯಾಹ್ನ ಊಟಕ್ಕೆ ಏಳಬೇಕು ಅನ್ನುವಷ್ಟರಲ್ಲಿ ಆಲ್ದೂರು ರಸ್ತೆಯ ಫ್ಯಾಬ್ರಿಕೇಶನ್ ಶೆಡ್ಡಿನ ಯಜಮಾನರು ಗೋಣಿಚೀಲದಲ್ಲಿ ಸುತ್ತಿದ ಕಬ್ಬಿಣ ಕತ್ತರಿಸುವ ಒಂಬತ್ತಿಂಚಿನ ಗ್ರೈಂಡರನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. ಚೀಲ ಬಿಚ್ಚುವ ಮೊದಲೇ ವಾಸನೆ ಬಂತು. ಸುಟ್ಟ ವಾರ್ನಿಷ್ ವಾಸನೆ ಒಮ್ಮೆ ಮೂಗಿಗೆ ಹತ್ತಿದವರು ಜನ್ಮದಲ್ಲಿ ಮರೆಯುವುದಿಲ್ಲ.

“ಆರ್ಮೇಚರ್ ಹೋಯ್ತು ಮಾರಾಯ. ಇನ್ನೊಂದು ಹಾಕಿ ಸಂಜೆಯೊಳಗೆ ಕೊಡು. ನಾಡಿದ್ದು ಎಸ್ಟೇಟ್ ಗೇಟು ನಿಲ್ಲಿಸಬೇಕು” ಎಂದರು. ಆರ್ಮೇಚರ್ ಅಂದರೆ ಮೋಟರಿನ ನಡುವೆ ತಿರುಗುವ, ತಾಮ್ರದ ತಂತಿ ಸುತ್ತಿದ ಭಾಗ.

ನಾನು ಚಿಕ್ಕಮಗಳೂರಿನಲ್ಲಿ ಮೋಟರ್ ವೈಂಡಿಂಗ್ ಮತ್ತು ಪವರ್ ಟೂಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಇಂಥ ಮಾತು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ, ನಾಲ್ಕೂ ಸಲ “ಆಯ್ತು” ಅನ್ನುತ್ತೇನೆ. ಈ ಸಲ ಅನ್ನಲಿಲ್ಲ. ಕಾರಣ, ಈ ಮೆಷಿನ್ ನನಗೆ ಹಳೆಯ ಪರಿಚಯ. ಹಿಂದಿನ ವರ್ಷ ಇದಕ್ಕೆ ಆರ್ಮೇಚರ್ ಹಾಕಿಕೊಟ್ಟವನು ನಾನೇ.

ಬಿಲ್ ಪುಸ್ತಕ ತೆಗೆದು ನೋಡಿದೆ: 2023ರ ಮಾರ್ಚ್. ಅದಕ್ಕೂ ಹಿಂದೆ ಯಾವಾಗ ಸುಟ್ಟಿತ್ತು ಅಂತ ಕೇಳಿದೆ. ಅವರು ಫೋನಿನಲ್ಲಿ ಹುಡುಕಿ ಬೇರೊಂದು ಅಂಗಡಿಯ ಬಿಲ್ಲಿನ ಫೋಟೊ ತೋರಿಸಿದರು: 2022ರ ಫೆಬ್ರವರಿ. ಅದಕ್ಕೂ ಹಿಂದೆ? ಇಲ್ಲ. 2007ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ದಿನದಿಂದ ಹದಿನೈದು ವರ್ಷ ಕಂಪನಿಯ ಆರ್ಮೇಚರಿನಲ್ಲೇ ಓಡಿತ್ತು. ಕಾರ್ಬನ್ ಬಿಟ್ಟರೆ ಬೇರೆ ಏನನ್ನೂ ಬದಲಿಸಿರಲಿಲ್ಲ.

ಹದಿನೈದು ವರ್ಷ ತಡೆದ ಮೆಷಿನ್ ಎರಡು ವರ್ಷದಲ್ಲಿ ಮೂರು ಆರ್ಮೇಚರ್ ನುಂಗಿತ್ತು. ಮೂರೂ ಸಲ ಫೆಬ್ರವರಿ ಇಲ್ಲವೇ ಮಾರ್ಚ್. ಡೂಪ್ಲಿಕೇಟ್ ಮಾಲಿನ ದೋಷ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಳಪೆ ಮಾಲಿಗೆ ತಿಂಗಳ ಲೆಕ್ಕ ಇರುವುದಿಲ್ಲ.

“ಅಣ್ಣಾ, ಇದನ್ನ ಇವತ್ತು ಕೊಡೋದಿಲ್ಲ. ಗೇಟಿನ ಕೆಲಸ ನಿಲ್ಲೋದು ಬೇಡ, ನನ್ನ ಐದಿಂಚಿನ ಮೆಷಿನ್ ತಗೊಂಡು ಹೋಗಿ” ಎಂದೆ. ಅವರ ಮುಖ ಕೆಂಪಾಯಿತು. ಬೇಟೆಗೆ ಹೊರಟವನ ಕೈಗೆ ಚಾಟಿಬಿಲ್ಲು ಕೊಟ್ಟಂತೆ ಅನ್ನಿಸಿರಬೇಕು. ಆದರೂ ಒಯ್ದರು. ಜೊತೆಗೆ ಒಂದು ಮಾತು ಹೇಳಿ ಕಳಿಸಿದೆ: ದೊಡ್ಡ ಮೆಷಿನ್ ಇಲ್ಲದೆ ಆಗಲೇ ಇಲ್ಲ ಅನ್ನುವ ಕೆಲಸ ಬಂದಾಗಲೆಲ್ಲ ಶೆಡ್ಡಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯಿರಿ.

ಬಿಚ್ಚಿದಾಗ ಕಂಡದ್ದು

ಒಂಬತ್ತಿಂಚಿನ ಗ್ರೈಂಡರ್ ಅಂದರೆ 230 ಮಿಲಿಮೀಟರ್ ಡಿಸ್ಕ್, ನಿಮಿಷಕ್ಕೆ ಸುಮಾರು 6,500 ಸುತ್ತು. ಈ ಮೆಷಿನ್‌ನ ಪ್ಲೇಟಿನ ಮೇಲೆ 2,200 ವ್ಯಾಟ್ ಅಂತ ಇತ್ತು. ಒಳಗಿರುವುದು ಮಿಕ್ಸಿಯಲ್ಲಿರುವ ಜಾತಿಯದೇ ಮೋಟರ್: ಆರ್ಮೇಚರ್, ಅದರ ಎರಡು ಬದಿಗೆ ಫೀಲ್ಡ್ ಕಾಯಿಲ್, ಕರೆಂಟು ದಾಟಿಸಲು ಎರಡು ಕಾರ್ಬನ್. ಮೋಟರ್ ಓಡುವ ವೇಗ ಡಿಸ್ಕಿನ ವೇಗಕ್ಕಿಂತ ಎಷ್ಟೋ ಹೆಚ್ಚು. ಮುಂದಿನ ಗೇರ್ ಬಾಕ್ಸಿನಲ್ಲಿ ಸಣ್ಣ ಪಿನಿಯನ್ ಮತ್ತು ದೊಡ್ಡ ಕ್ರೌನ್ ವೀಲ್ ಸೇರಿ ಆ ವೇಗವನ್ನು ತಗ್ಗಿಸಿ, ತಿರುವನ್ನು ಅಡ್ಡಕ್ಕೆ ತಿರುಗಿಸಿಕೊಡುತ್ತವೆ.

ಮೊದಲು ಗೇರ್ ಬಾಕ್ಸ್ ಬಿಚ್ಚಿದೆ. ಹಳೆಯ ಗ್ರೈಂಡರ್ ಬಂದರೆ ನಾನು ಆರ್ಮೇಚರ್ ನೋಡುವ ಮೊದಲು ನೋಡುವುದು ಅದನ್ನೇ. ಆರ್ಮೇಚರ್ ಅಂಗಡಿಯಲ್ಲಿ ಸಿಗುತ್ತದೆ. ಹದಿನೇಳು ವರ್ಷದ ಮಾಡೆಲ್ಲಿನ ಗೇರ್ ಹೌಸಿಂಗ್ ಸಿಗುವ ಭರವಸೆ ಇಲ್ಲ. ಗ್ರೀಸು ಡಾಂಬರಿನಂತೆ ಕಪ್ಪಾಗಿ ಗಟ್ಟಿಯಾಗಿತ್ತು. ಡೀಸೆಲ್ಲಿನಲ್ಲಿ ತೊಳೆದು ಒರೆಸಿ, ಕ್ರೌನ್ ವೀಲಿನ ಹಲ್ಲುಗಳ ಮೇಲೆ ಉಗುರು ಎಳೆದೆ. ಎಲ್ಲೂ ತಡೆಯಲಿಲ್ಲ. ಹಲ್ಲಿನ ತುದಿ ಹರಿತವಾಗಿಲ್ಲ, ಎಲ್ಲೂ ಚಕ್ಕೆ ಎದ್ದಿಲ್ಲ.

ಆಮೇಲೆ ಬೇರಿಂಗ್ ಕೂರುವ ಗುಂಡಿ. ಈ ಮೆಷಿನ್ನಿನಲ್ಲಿ ಪಿನಿಯನ್ ಕಡೆಗೆ ಇರುವುದು 6201 ಬೇರಿಂಗ್, ಹೊರ ಅಳತೆ 32 ಮಿಲಿಮೀಟರ್. ಹೊಸ ಬೇರಿಂಗ್ ತೆಗೆದು ಹೌಸಿಂಗಿನ ಬಾಯಿಗೆ ಇಟ್ಟು ಕೈ ಬಿಟ್ಟೆ. ಅದು ತನ್ನ ಭಾರಕ್ಕೇ ಜಾರಿ ಕೆಳಗೆ ಕೂತಿದ್ದರೆ ಮೆಷಿನ್ ಮುಗಿದಂತೆ. ಬೇರಿಂಗಿನ ಹೊರಗಿನ ಬಳೆ ಅಲ್ಯೂಮಿನಿಯಂ ಗುಂಡಿಯೊಳಗೆ ಸುತ್ತಿ ಸುತ್ತಿ ಅದನ್ನು ಸವೆಸಿದೆ ಅಂತ ಅರ್ಥ. ಆಗ ಪಿನಿಯನ್ ಓಲಾಡುತ್ತದೆ, ಎಷ್ಟು ಒಳ್ಳೆಯ ಆರ್ಮೇಚರ್ ಹಾಕಿದರೂ ಹಲ್ಲು ಕಡಿಯುತ್ತದೆ. ಗುಂಡಿಯ ಸುತ್ತ ಪಂಚ್ ಹೊಡೆದು ಬಿಗಿ ಮಾಡುವವರಿದ್ದಾರೆ. ನೀರಿನ ಪಂಪಿಗೆ ಅದು ನಾಲ್ಕು ದಿನ ನಡೆದೀತು, ಇಷ್ಟು ವೇಗದ ಮೆಷಿನ್‌ಗೆ ನಾನು ಒಪ್ಪುವುದಿಲ್ಲ. ಇಲ್ಲಿ ಬೇರಿಂಗ್ ಬಾಯಲ್ಲೇ ನಿಂತಿತು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ ಮೇಲಷ್ಟೇ ಒಳಗೆ ಹೋಯಿತು. ರಿಪೇರಿಯ ಮಾತು ಆಡುವುದಕ್ಕೆ ನನಗೆ ಧೈರ್ಯ ಬಂದದ್ದು ಆ ಹೊತ್ತಿನಲ್ಲಿ.

ಈಗ ಆರ್ಮೇಚರ್. ಸುಟ್ಟ ಆರ್ಮೇಚರುಗಳೆಲ್ಲ ಒಂದೇ ಥರ ಕಾಣುತ್ತವೆ ಅಂತ ಜನ ತಿಳಿದಿದ್ದಾರೆ. ಹಾಗಿಲ್ಲ. ಒಂದು ಕಾಯಿಲ್ ಕಡಿದುಹೋಗಿದ್ದರೆ ಕಮ್ಯುಟೇಟರಿನ, ಅಂದರೆ ಆರ್ಮೇಚರಿನ ತುದಿಯಲ್ಲಿ ಕಾರ್ಬನ್ ತಾಗುವ ಭಾಗದ, ಒಂದೆರಡು ತಾಮ್ರದ ಪಟ್ಟಿಗಳ ಅಂಚಿನಲ್ಲಿ ಕಿಡಿ ತಿಂದ ಆಳದ ಗಾಯ ಇರುತ್ತದೆ, ಉಳಿದವು ಚೊಕ್ಕಟ. ಒಂದೇ ಕಡೆ ಶಾರ್ಟ್ ಆಗಿದ್ದರೆ ಆ ಒಂದು ಕಾಯಿಲ್ ಮಾತ್ರ ಕರಿಕಲಾಗಿರುತ್ತದೆ. ಕಬ್ಬಿಣದ ಪುಡಿ ಹೊಕ್ಕು ಹಾಳಾದದ್ದಾದರೆ ಗಾಳಿ ನುಗ್ಗುವ ಬದಿಯ ತಂತಿಯ ಮೇಲೆ ಎನಾಮಲ್ ಉಜ್ಜಿಹೋಗಿ ತಾಮ್ರ ಮಿನುಗುತ್ತದೆ. ಈ ಆರ್ಮೇಚರ್ ಮೂರರಂತೆಯೂ ಇರಲಿಲ್ಲ. ಸುತ್ತಲೂ, ಎಲ್ಲ ಕಾಯಿಲ್‌ಗಳೂ ಒಂದೇ ಸಮ ಕಂದಾಗಿದ್ದವು, ಹದ ಮೀರಿ ಹುರಿದ ಕಾಫಿ ಬೀಜದ ಬಣ್ಣ. ಶಾರ್ಟ್ ಪತ್ತೆ ಮಾಡುವ ಗ್ರೌಲರ್ ಎಂಬ ಸಾಧನದ ಮೇಲಿಟ್ಟು ಹಳೆಯ ಹ್ಯಾಕ್ಸಾ ಬ್ಲೇಡನ್ನು, ತಂತಿ ಕೂರುವ ಒಂದೊಂದೇ ಸ್ಲಾಟಿನ ಮೇಲೆ ಹಿಡಿಯುತ್ತ ಹೋದೆ. ಒಳ್ಳೆಯ ಸ್ಲಾಟಿನ ಮೇಲೆ ಬ್ಲೇಡ್ ಸುಮ್ಮನಿರುತ್ತದೆ, ಶಾರ್ಟ್ ಆದ ಸ್ಲಾಟಿನ ಮೇಲೆ ಗುರ್ ಎಂದು ನಡುಗುತ್ತದೆ. ಇಲ್ಲಿ ಅರ್ಧಕ್ಕರ್ಧ ಸ್ಲಾಟು ಗುರ್ ಅಂದವು.

ಅಂದರೆ ಒಂದು ಕಡೆಯ ದೋಷವಲ್ಲ. ಇಡೀ ಮೋಟರ್ ಬಹಳ ಹೊತ್ತು ತಾಳಲಾರದಷ್ಟು ಬಿಸಿಯಲ್ಲಿ ಬೆಂದಿತ್ತು.

ಫೀಲ್ಡ್ ಕಾಯಿಲ್ ಅಳೆದೆ. ಎರಡೂ ಬದಿ ಒಂದೇ ಅಳತೆ ಇರಬೇಕು. ಒಂದು 0.6 ಓಮ್ ತೋರಿಸಿತು, ಇನ್ನೊಂದು 0.4. ಒಂದು ಬದಿಯಲ್ಲಿ ಸುತ್ತುಗಳು ಒಳಗೊಳಗೇ ಸೇರಿಕೊಂಡಿದ್ದವು. ಇದು ಈ ಸಲದ ಬಿಸಿಗೆ ಆದದ್ದೋ, ಹಿಂದಿನ ವರ್ಷವೇ ಆಗಿತ್ತೋ ಹೇಳಲು ದಾರಿಯಿಲ್ಲ. ಯಾಕೆಂದರೆ 2023ರಲ್ಲಿ ನಾನು ಫೀಲ್ಡ್ ಅಳೆದಿರಲಿಲ್ಲ. ಕೆಲಸದ ಒತ್ತಡವಿತ್ತು, ಸೀರೀಸ್ ಬಲ್ಬ್ ಹಚ್ಚಿ ನೋಡಿದೆ, ಉರಿಯಿತು, ಸರಿ ಇದೆ ಅಂದುಕೊಂಡೆ. ಸೀರೀಸ್ ಬಲ್ಬ್ ತಂತಿ ಕಡಿದಿದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ, ಒಳಗೆ ನಾಲ್ಕು ಸುತ್ತು ಶಾರ್ಟ್ ಆದದ್ದನ್ನು ಹೇಳುವುದಿಲ್ಲ. ಆ ಆರ್ಮೇಚರಿಗೆ ಅವರು ಕೊಟ್ಟ ದುಡ್ಡಿನಲ್ಲಿ ನನ್ನ ತಪ್ಪಿನ ಪಾಲೂ ಇದೆ. ಇದನ್ನು ಅವರಿಗೆ ನೇರವಾಗಿ ಹೇಳಿದೆ. ಈ ಸಲ ಕೂಲಿ ಹಿಡಿಯುವಾಗ ಆ ಮಾತು ಮರೆಯಲಿಲ್ಲ.

ಶೆಡ್ಡಿಗೆ ಹೋಗಿದ್ದು

ಮೇಜಿನ ಮೇಲಿನ ಕೆಲಸ ಅಲ್ಲಿಗೆ ಮುಗಿಯಿತು. ಇಷ್ಟು ಬಿಸಿ ಎಲ್ಲಿಂದ ಬಂತು ಅನ್ನುವುದು ಮೇಜಿನ ಮೇಲೆ ಸಿಗುವ ಉತ್ತರವಲ್ಲ. ಮರುದಿನ ಬೆಳಿಗ್ಗೆ ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ಜೊತೆಗೆ ನನ್ನಲ್ಲಿದ್ದ ಅದೇ ಅಳತೆಯ ಇನ್ನೊಂದು ಮೆಷಿನ್ ಬೈಕಿಗೆ ಕಟ್ಟಿಕೊಂಡು ಹೊರಟೆ.

ವಸ್ತಾರೆ ದಾಟಿದ ಮೇಲೆ ರಸ್ತೆಯ ಎರಡು ಬದಿಗೂ ತೋಟ. ಎಲ್ಲಿ ನೋಡಿದರೂ ಸ್ಪ್ರಿಂಕ್ಲರ್ ತಿರುಗುತ್ತಿದ್ದವು. ಫೆಬ್ರವರಿ–ಮಾರ್ಚ್ ಅಂದರೆ ರೋಬಸ್ಟಾಕ್ಕೆ ಹೂವಿನ ನೀರು ಕೊಡುವ ಕಾಲ. ಆಕಾಶದ ಮಳೆ ಕಾಯುತ್ತ ಕೂತರೆ ಮೊಗ್ಗು ಒಣಗುತ್ತದೆ. ಹಾಗಾಗಿ ಕೆರೆಯ ನೀರು, ಹಳ್ಳದ ನೀರು, ಬೋರಿನ ನೀರು ಎಲ್ಲವನ್ನೂ ಮೋಟರ್ ಹಚ್ಚಿ ಎತ್ತುತ್ತಾರೆ. ಹೂವು ಬಿಟ್ಟ ಮೇಲೆ ಕೆಲವು ವಾರ ಕಳೆದು ಇನ್ನೊಂದು ಸುತ್ತು ಕೊಡಬೇಕು. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ನಾನು ಇದೇ ಊರಿನವನು, ಪ್ರತಿ ವರ್ಷ ಇದೇ ತಿಂಗಳಲ್ಲಿ ಹತ್ತಾರು ಪಂಪ್ ಮೋಟರ್ ಸುತ್ತಿಕೊಡುವವನು. ಅಂಥ ನನಗೇ ಬಿಲ್ಲಿನ ಮೇಲಿದ್ದ ತಿಂಗಳುಗಳಿಗೂ ಈ ನೀರಿಗೂ ನಂಟು ಹೊಳೆದದ್ದು ಬೈಕಿನ ಮೇಲೆ, ಆ ರಸ್ತೆಯಲ್ಲಿ.

ಶೆಡ್ಡಿಗೆ ಹೋದ ತಕ್ಷಣ ಕೇಳಿದೆ: “ಅಣ್ಣಾ, ಈ ಜಾಗಕ್ಕೆ ಬಂದು ಎಷ್ಟು ವರ್ಷ ಆಯ್ತು?”

“2021ರ ಮಳೆಗಾಲ ಮುಗಿದ ಮೇಲೆ ಬಂದ್ವಲ್ಲ. ಮುಂಚೆ ಪೇಟೆ ಒಳಗೇ ಇತ್ತು.”

ಮೊದಲ ಆರ್ಮೇಚರ್ ಸುಟ್ಟದ್ದು ಅದರ ಮರುವರ್ಷದ ಫೆಬ್ರವರಿ. ಹದಿನಾಲ್ಕು ವರ್ಷ ಪೇಟೆಯ ಲೈನಿನಲ್ಲಿ ಸುಖವಾಗಿದ್ದ ಮೆಷಿನ್ ತೋಟದ ನಡುವಿನ ಲೈನಿಗೆ ಬಂದ ಮೊದಲ ಬೇಸಿಗೆಯಲ್ಲೇ ಮಲಗಿತ್ತು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೋರ್ಡಿನ ಸಾಕೆಟ್ಟಿನಲ್ಲಿ ಅಳೆದೆ: 198 ವೋಲ್ಟ್. ಇರಬೇಕಾದ್ದು 230. ಇಷ್ಟು ನಾನು ಎಣಿಸಿದ್ದೇ. ಎಣಿಸದೆ ಇದ್ದದ್ದು ಎಕ್ಸ್‌ಟೆನ್ಷನ್ ವೈರು. ಶೆಡ್ಡಿನ ಹಿಂದಿನ ಅಂಗಳದಲ್ಲಿ ಗೇಟು, ಗ್ರಿಲ್ಲು ಜೋಡಿಸುತ್ತಾರೆ. ಅಲ್ಲಿಗೆ ಬೋರ್ಡಿನಿಂದ 40 ಮೀಟರ್ ವೈರ್ ಎಳೆದಿದ್ದರು, ಮೂರು ಕಡೆ ಗಂಟು, ಅರ್ಧ ವೈರು ಡ್ರಮ್ಮಿಗೆ ಸುತ್ತಿದ ಹಾಗೇ ಇದೆ. ಒಳಗಿನ ತಾಮ್ರ 1 ಚದರ ಮಿಲಿಮೀಟರ್. ಮನೆಯಲ್ಲಿ ಫ್ಯಾನಿಗೆ, ಲೈಟಿಗೆ ಎಳೆಯುವ ಅಳತೆ.

ಅವರ ಹುಡುಗನಿಗೆ ನನ್ನ ಮೆಷಿನ್ ಕೊಟ್ಟು ನೂರು ಮಿಲಿಮೀಟರಿನ ಕಬ್ಬಿಣದ ಚಾನೆಲ್ ಒಂದನ್ನು ಕತ್ತರಿಸಲು ಹೇಳಿದೆ. ವೈರಿನ ತುದಿಯಲ್ಲಿ ಮೀಟರ್ ಹಚ್ಚಿಕೊಂಡು ಕೂತೆ. ಡಿಸ್ಕ್ ಕಬ್ಬಿಣಕ್ಕೆ ಕಚ್ಚಿದ ಕೂಡಲೇ ಕ್ಲ್ಯಾಂಪ್ ಮೀಟರಿನಲ್ಲಿ 15 ಆಂಪಿಯರ್. ಸಾಕೆಟ್ಟಿನಲ್ಲಿ 192 ವೋಲ್ಟ್, ಮೆಷಿನ್ನಿನ ಬಾಯಲ್ಲಿ 168.

ಲೆಕ್ಕವೂ ಅದನ್ನೇ ಹೇಳುತ್ತದೆ. 1 ಚದರ ಮಿಲಿಮೀಟರ್ ವೈರಿನ ತಡೆ ಕಿಲೋಮೀಟರಿಗೆ ಸುಮಾರು 19.5 ಓಮ್. ಹೋಗಿ ಬರುವ ದಾರಿ ಸೇರಿ 80 ಮೀಟರ್, ಅಂದರೆ 1.56 ಓಮ್. 15 ಆಂಪಿಯರಿಗೆ 23 ವೋಲ್ಟಿಗಿಂತ ಹೆಚ್ಚು ಆ ವೈರಿನೊಳಗೇ ಬಿಸಿಯಾಗಿ ಕರಗುತ್ತದೆ. ಡ್ರಮ್ಮಿಗೆ ಸುತ್ತಿದ ಸುರುಳಿಯ ನಡುವೆ ಕೈ ಹಾಕಿದೆ, ಹೊತ್ತು ಹಿಡಿದಿರಲು ಆಗಲಿಲ್ಲ.

ವೋಲ್ಟೇಜ್ ಕಡಿಮೆಯಾದರೆ ಕೆಲಸ ನಿಧಾನವಾಗುತ್ತದೆ ಅಷ್ಟೇ, ಮೋಟರ್ ಯಾಕೆ ಸುಡಬೇಕು ಅಂತ ಯಜಮಾನರು ಕೇಳಿದರು. ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ಮೆಷಿನ್ ಸುಮ್ಮನೆ ಓಡುತ್ತಿದ್ದರೆ ನಿಜವಾಗಿಯೂ ಏನೂ ಆಗುವುದಿಲ್ಲ. ಕತ್ತರಿಸುವಾಗಿನ ಕಥೆ ಬೇರೆ. ಡಿಸ್ಕಿನ ವೇಗ ಇಳಿದಾಗ ಅದು ಕಬ್ಬಿಣವನ್ನು ಹಿಂದಿನಂತೆ ತಿನ್ನುವುದಿಲ್ಲ. ಹಿಡಿದವನು ಗೊತ್ತಿಲ್ಲದೆಯೇ ಮೈಭಾರ ಹಾಕಿ ಒತ್ತುತ್ತಾನೆ. ಒತ್ತಿದಷ್ಟೂ ವೇಗ ಇನ್ನೂ ಇಳಿಯುತ್ತದೆ, ಕರೆಂಟು ಏರುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವಂಥದು. 10 ಆಂಪಿಯರ್ ಇದ್ದದ್ದು 15 ಆದರೆ ಬಿಸಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಇತ್ತ ಮೋಟರನ್ನು ತಣಿಸುವ ಫ್ಯಾನು ಕೂತಿರುವುದು ಆರ್ಮೇಚರಿನ ಶಾಫ್ಟಿನ ಮೇಲೇ. ಬಿಸಿ ಹೆಚ್ಚಾದ ಹೊತ್ತಿನಲ್ಲೇ ಗಾಳಿ ಕಡಿಮೆ. ವೈಂಡಿಂಗ್ ಕೆಲಸದವರು ಇಟ್ಟುಕೊಂಡಿರುವ ಒಂದು ಅಂದಾಜು ಇದೆ: ಇನ್ಸುಲೇಶನ್ ತಾಳುವ ಮಿತಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅದರ ಆಯುಸ್ಸು ಅರ್ಧ. ಒಂದು ತಿಂಗಳ ನೀರಿನ ಸೀಸನ್ನಿನಲ್ಲಿ ಆ ಆರ್ಮೇಚರ್ ತನ್ನ ಆಯುಸ್ಸನ್ನೆಲ್ಲ ಕಳೆದುಕೊಂಡಿತ್ತು.

ಇಷ್ಟು ಹೇಳುವ ಹೊತ್ತಿಗೆ ಅವರೇ, “ಹಾಗಾದ್ರೆ ಹೊಸದು ತಂದಿದ್ರೂ ಇದೇ ಗತಿ” ಅಂದರು. ಅದು ಅವರ ಬಾಯಿಂದ ಬಂದದ್ದು ಒಳ್ಳೆಯದಾಯಿತು.

ಅದೇ ದಿನ ಇನ್ನೂ ಒಂದು ಕಂಡಿತು. ನನ್ನ ಅಂಗಡಿಗೆ ಬಂದಾಗ ಮೆಷಿನ್‌ಗೆ ಡಿಸ್ಕಿಗೆ ಮರೆಯಾಗಿ ಕೂರುವ ಗಾರ್ಡ್ ಇರಲಿಲ್ಲ. ಎಲ್ಲಿ ಅಂತ ಕೇಳಿದರೆ ಹುಡುಗ ಅಟ್ಟದಿಂದ ಜೇಡರಬಲೆ ಒರೆಸುತ್ತ ತಂದುಕೊಟ್ಟ. ಒಂದು ಅಂಚು ತುಸು ಬಾಗಿತ್ತು, ಕ್ಲ್ಯಾಂಪಿನ ಬೋಲ್ಟ್ ಇರಲಿಲ್ಲ, ಉಳಿದದ್ದು ಗಟ್ಟಿ. ಮೂಲೆ ಸಂದಿಯಲ್ಲಿ ಕತ್ತರಿಸಲು ಅಡ್ಡ ಬರುತ್ತದೆ ಅಂತ ಯಾವಾಗಲೋ ತೆಗೆದದ್ದು. ಆ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 80 ಮೀಟರ್ ವೇಗದಲ್ಲಿ ಓಡುತ್ತದೆ, ಗಂಟೆಗೆ 280 ಕಿಲೋಮೀಟರ್ ದಾಟಿದ ವೇಗ. ಒಡೆದ ಚೂರು ಅದೇ ವೇಗದಲ್ಲಿ ಹೊರಡುತ್ತದೆ. ಹಿಡಿದವನ ಮುಖ ಅಲ್ಲಿಂದ ಒಂದು ಮೊಳ ದೂರ. ಕೈಗಳೆರಡೂ ಅದಕ್ಕಿಂತ ಹತ್ತಿರ. ಆ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಕನ್ನಡಕ ಇತ್ತು, ಹಣೆಯ ಮೇಲೆ ಏರಿಸಿಕೊಂಡಿದ್ದ.

ಡಿಸ್ಕುಗಳನ್ನೂ ನೋಡಿದೆ. ನಡುವಿನ ತೂತಿನ ಲೋಹದ ಬಳೆಯ ಮೇಲೆ ಚಿಕ್ಕ ಅಕ್ಷರದಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಡಿಸ್ಕ್ ಕೆಡುವ ತಾರೀಕು, ತಯಾರಾದ ದಿನದಿಂದ ಮೂರು ವರ್ಷ. ರಾಳದಿಂದ ಅಂಟಿಸಿದ ಡಿಸ್ಕು ಹಳತಾದಂತೆ, ತೇವ ಹೀರಿದಂತೆ ದುರ್ಬಲವಾಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲ ಕಳೆದ, ತಗಡಿನ ಗೋಡೆಗೆ ಒರಗಿಸಿಟ್ಟ ಡಿಸ್ಕಿನ ಮೇಲೆ ನನಗಂತೂ ನಂಬಿಕೆ ಇಲ್ಲ. ಅವಧಿ ಮುಗಿದ ಆರು ಡಿಸ್ಕು ಸಿಕ್ಕವು. ಎತ್ತಿ ಬಿಸಾಡುವುದು ಬೇಡ, ಯಾರಾದರೂ ಹೆಕ್ಕಿ ಹಾಕಿಕೊಳ್ಳುತ್ತಾರೆ ಅಂತ ಹೇಳಿ, ಸುತ್ತಿಗೆಯಿಂದ ಮುರಿದು ಹಾಕಿಸಿದೆ.

ಗೀಟುಗಳ ಲೆಕ್ಕ

ಒಂಬತ್ತು ದಿನ ಬಿಟ್ಟು ಯಜಮಾನರು ಅಂಗಡಿಗೆ ಬಂದರು. ಗೇಟು ನಿಂತಿತ್ತು. “ಏಳು ಗೀಟು” ಎಂದರು. ಮೂರು, ಚಾನೆಲ್ ಕತ್ತರಿಸುವುದಕ್ಕೆ. ಎರಡು, ಕಣದ ಹಳೆಯ ಕಾಂಕ್ರೀಟಿನಲ್ಲಿ ತೋಡು ಕೊರೆಯುವುದಕ್ಕೆ. ಉಳಿದೆರಡು, ಟ್ರೈಲರಿನ ದಪ್ಪ ಪ್ಲೇಟಿಗೆ. ಮಿಕ್ಕ ಸ್ಕ್ವೇರ್ ಟ್ಯೂಬು, ಆಂಗಲ್, ಫ್ಲಾಟ್, ವೆಲ್ಡಿಂಗ್ ಉಜ್ಜುವುದು ಎಲ್ಲವೂ ಐದಿಂಚಿನಲ್ಲೇ ಆಗಿತ್ತು. ಹುಡುಗನಿಗಂತೂ ಅದು ಕೈಗೆ ಹತ್ತಿಬಿಟ್ಟಿತ್ತು. ಹಳೆಯ ಮೆಷಿನ್ ಐದು ಕಿಲೋ ದಾಟುತ್ತದೆ. ಅದನ್ನು ಎತ್ತಿ ಹಿಡಿದು ಗೇಟಿನ ಮೇಲ್ಗಡೆ ವೆಲ್ಡಿಂಗ್ ಉಜ್ಜಿದವನ ಭುಜಕ್ಕೇ ಗೊತ್ತು.

ಆಗ ಕೂತು ಖರ್ಚಿನ ಲೆಕ್ಕ ಹಾಕಿದೆವು. ಡೂಪ್ಲಿಕೇಟ್ ಆರ್ಮೇಚರ್ ಒಂದನ್ನೇ ಹಾಕಿದರೆ 1,500 ರೂಪಾಯಿ. ಅದನ್ನು ನಾನೇ ಬೇಡ ಅಂದೆ. ಹೊಸ ಒಂಬತ್ತಿಂಚು 11,500. ಸರಿಯಾಗಿ ರಿಪೇರಿ ಮಾಡುವುದಾದರೆ ಕಂಪನಿ ಆರ್ಮೇಚರ್ 3,400, ಫೀಲ್ಡ್ ಸುತ್ತುವುದಕ್ಕೆ 700, ಬೇರಿಂಗ್ 600, ಸ್ವಿಚ್ಚು 450, ಕಾರ್ಬನ್ 250, ಕೂಲಿ 800. ಒಟ್ಟು 6,200.

ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ತಗೋ ಅನ್ನುವ ಮಾತು ನಮ್ಮ ವೃತ್ತಿಯಲ್ಲಿದೆ. ಇಲ್ಲಿ ಅರ್ಧ ದಾಟಿತ್ತು. ದಿನವಿಡೀ ಆ ಮೆಷಿನ್ನೇ ಓಡಬೇಕಾಗಿದ್ದರೆ ನಾನೂ ಹೊಸದನ್ನೇ ಹೇಳುತ್ತಿದ್ದೆ. ಹೊಸ ಮೆಷಿನ್ನುಗಳಲ್ಲಿ ಹಲವಕ್ಕೆ ಸಾಫ್ಟ್ ಸ್ಟಾರ್ಟ್ ಇರುತ್ತದೆ, ಒತ್ತಿದ ತಕ್ಷಣ ಕೈಯಿಂದ ಕಿತ್ತುಕೊಂಡು ಹೋಗುವುದಿಲ್ಲ. ಹಲವಕ್ಕೆ ಕರೆಂಟು ಹೋಗಿ ಬಂದರೆ ತಾನಾಗಿ ತಿರುಗದ ವ್ಯವಸ್ಥೆಯೂ ಇರುತ್ತದೆ. ಆದರೆ ಒಂಬತ್ತು ದಿನಕ್ಕೆ ಏಳು ಸಲ ಬೇಕಾಗುವ ಮೆಷಿನ್‌ಗೆ, ಗೇರ್ ಬಾಕ್ಸ್ ಇಷ್ಟು ಚೆನ್ನಾಗಿರುವಾಗ, ಆ ದುಡ್ಡು ಬೇರೆ ಕಡೆ ಹೋಗಬೇಕು ಅಂತ ನನ್ನ ವಾದ. ಹೊಸ ಐದಿಂಚು 4,200 ರೂಪಾಯಿಗೆ ಸಿಕ್ಕಿತು. ಅದೂ ಹಳೆಯದರ ರಿಪೇರಿಯೂ ಸೇರಿ 10,400, ಹೊಸ ಒಂಬತ್ತಿಂಚು ಒಂದರ ಬೆಲೆಗಿಂತ ಕಡಿಮೆ. ಉಳಿದದ್ದಕ್ಕೆ ಅವರೂ ಸ್ವಲ್ಪ ಸೇರಿಸಿ ವೈರ್ ತಂದರು. 40 ಮೀಟರ್, 4 ಚದರ ಮಿಲಿಮೀಟರ್, ನಡುವೆ ಎಲ್ಲೂ ಗಂಟಿಲ್ಲದ್ದು. 15 ಆಂಪಿಯರಿಗೂ 6 ವೋಲ್ಟ್ ಮಾತ್ರ ಬೀಳುವಂಥದು. ಎರಡು ತುದಿಗೂ 16 ಆಂಪಿಯರಿನ ಪ್ಲಗ್ಗು, ಸಾಕೆಟ್ಟು. ಕೂಲಿಯ 800ರಲ್ಲಿ ನಾನು 300 ಮಾತ್ರ ಹಿಡಿದೆ.

ಆರ್ಮೇಚರನ್ನು ನೀನೇ ಸುತ್ತಬಹುದಲ್ಲ, ಕಡಿಮೆಗೆ ಆಗುತ್ತದಲ್ಲ ಅಂತ ಅವರು ಕೇಳಿದ್ದರು. ಸುತ್ತುತ್ತೇನೆ, ಮಿಕ್ಸಿಯದ್ದು ದಿನಾ ಸುತ್ತುತ್ತೇನೆ. ಆದರೆ ಇಷ್ಟು ವೇಗದಲ್ಲಿ, ಇಷ್ಟು ಭಾರದ ಕೆಲಸಕ್ಕೆ, ಕೈಯಲ್ಲಿ ಸುತ್ತಿದ ಆರ್ಮೇಚರಿನ ತೂಕ ಒಂದು ಬದಿಗೆ ಕೂದಲಷ್ಟು ವಾಲಿದರೂ ಬೇರಿಂಗ್ ತಿನ್ನುತ್ತದೆ. ಸರಿಯಾಗಿ ತೂಕ ಹೊಂದಿಸುವ ಮೆಷಿನ್ ನನ್ನಲ್ಲಿಲ್ಲ. ಫೀಲ್ಡ್ ತಿರುಗದೆ ನಿಂತಿರುವಂಥದು, ಅದನ್ನು ಧೈರ್ಯವಾಗಿ ಸುತ್ತಿದೆ. ವಾರ್ನಿಷ್ ಹಾಕಿ ಒಣಗಿಸಿ ಅಳೆದಾಗ ಎರಡೂ ಬದಿ 0.6.

ಜೋಡಿಸುವಾಗಿನ ಎರಡು ಸಂಗತಿ ಮಾತ್ರ ಹೇಳುತ್ತೇನೆ. ಗೇರ್ ಬಾಕ್ಸಿಗೆ ಗ್ರೀಸು ತುಂಬಿಸಿದಷ್ಟೂ ಒಳ್ಳೆಯದು ಅಂತ ನಂಬಿದವರಿದ್ದಾರೆ. ತುಂಬಿದ ಗ್ರೀಸು ಬಿಸಿಯಾಗಿ ಸೀಲ್ ದಾಟಿ ಮೋಟರಿನೊಳಗೆ ಬರುತ್ತದೆ, ಅಲ್ಲಿ ಕಾರ್ಬನ್ ಪುಡಿಯ ಜೊತೆ ಸೇರಿ ಕರೆಂಟು ಹರಿಯುವ ಕೆಸರಾಗುತ್ತದೆ. ಹಲ್ಲು ಮುಚ್ಚುವಷ್ಟು ಹಚ್ಚಿ, ಅರ್ಧ ಜಾಗ ಖಾಲಿ ಬಿಟ್ಟೆ. ಇನ್ನೊಂದು ಹೊಸ ಕಾರ್ಬನ್. ಅದರ ಮೂತಿ ಚಪ್ಪಟೆ, ಕಮ್ಯುಟೇಟರ್ ಗುಂಡು. ಹಾಗೇ ಹಾಕಿ ಕೆಲಸಕ್ಕೆ ಹಚ್ಚಿದರೆ ಅಂಚಿನಲ್ಲಷ್ಟೇ ತಾಗಿ ಕಿಡಿ ಹಾರುತ್ತದೆ. ನಯವಾದ ಸ್ಯಾಂಡ್ ಪೇಪರನ್ನು ಕಮ್ಯುಟೇಟರಿಗೆ ಸುತ್ತಿ, ಕೈಯಲ್ಲೇ ಆರ್ಮೇಚರ್ ತಿರುಗಿಸಿ ಕಾರ್ಬನ್ನಿನ ಮೂತಿಯನ್ನು ಅದರ ದುಂಡಿಗೆ ಹೊಂದಿಸಿದೆ. ಎಮೆರಿ ಪೇಪರ್ ಮಾತ್ರ ಬೇಡ, ಅದರ ಹರಳು ತಾಮ್ರದಲ್ಲಿ ಹೂತುಕೊಂಡು ಕಾರ್ಬನ್ನನ್ನು ಕೆರೆಯುತ್ತಲೇ ಇರುತ್ತದೆ. ಪುಡಿಯನ್ನೆಲ್ಲ ಗಾಳಿ ಹೊಡೆದು ತೆಗೆದು, ಡಿಸ್ಕ್ ಇಲ್ಲದೆ ಹದಿನೈದು ನಿಮಿಷ ಓಡಿಸಿದೆ. ಕರೆಂಟು ಸೋರಿಕೆ ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿದೆ, ಮೆಷಿನ್ನಿನ ಮೈಗೆ ಎಲ್ಲೂ ಸೋರಿಕೆ ಇಲ್ಲ.

ಸ್ವಿಚ್ಚಿನ ವಿಷಯದಲ್ಲಿ ಸ್ವಲ್ಪ ವಾದವಾಯಿತು. ಹಳೆಯದಕ್ಕೆ ಒತ್ತಿ ಲಾಕ್ ಮಾಡುವ ಗುಂಡಿ ಇತ್ತು. ಲಾಕ್ ಆಗಿದ್ದಾಗ ಕರೆಂಟು ಹೋಗಿ, ಮೆಷಿನ್ನನ್ನು ಹಾಗೇ ನೆಲಕ್ಕಿಟ್ಟು, ಮತ್ತೆ ಕರೆಂಟು ಬಂದರೆ? ನಮ್ಮಲ್ಲಿ ಇದು “ಬಂದರೆ” ಅನ್ನುವ ಮಾತೂ ಅಲ್ಲ, ದಿನಾ ಆಗುವುದೇ. ಲಾಕ್ ಇಲ್ಲದ ಸ್ವಿಚ್ಚು ಹಾಕುತ್ತೇನೆ ಎಂದೆ. ಬೆರಳು ನೋಯುತ್ತದೆ ಅಂದರು. ನೋಯಲಿ ಎಂದೆ. ಅದರ ಜೊತೆಗೆ ಬೋರ್ಡಿನಲ್ಲೂ ಹಸಿರು–ಕೆಂಪು ಗುಂಡಿಯ ಸ್ಟಾರ್ಟರ್ ಹಾಕಿಸಿದೆ. ತೋಟದ ಪಂಪಿನದೇ ಸೂತ್ರ: ಕರೆಂಟು ಹೋದರೆ ಬಿದ್ದುಹೋಗುತ್ತದೆ, ಯಾರಾದರೂ ಹೋಗಿ ಹಸಿರು ಒತ್ತುವವರೆಗೆ ಏಳುವುದಿಲ್ಲ. ಪಂಪ್ ನೋಡಿ ಬೆಳೆದ ಊರಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಐದಿಂಚಿನ ಮೆಷಿನ್ ಕೊಡಿಸಿದ ಮೇಲೆ ಹುಡುಗನನ್ನು ಕೂರಿಸಿಕೊಂಡು ಒಂದು ಲೆಕ್ಕ ಮಾಡಿಸಿದೆ. ಒಂಬತ್ತಿಂಚಿನ ಡಿಸ್ಕಿಗೂ ಐದಿಂಚಿನದಕ್ಕೂ ನಡುವಿನ ತೂತು ಒಂದೇ, 22.23 ಮಿಲಿಮೀಟರ್. ಸವೆದು ಏಳಿಂಚಾದ ದೊಡ್ಡ ಡಿಸ್ಕನ್ನು ಎಸೆಯಲು ಮನಸ್ಸು ಬಾರದೆ, ಗಾರ್ಡ್ ಕಿತ್ತು ಸಣ್ಣ ಮೆಷಿನ್‌ಗೆ ಹಾಕುವವರನ್ನು ನೋಡಿದ್ದೇನೆ. ಸಣ್ಣ ಮೆಷಿನ್ ಓಡುವುದು ನಿಮಿಷಕ್ಕೆ 11,000 ಸುತ್ತು. ಏಳಿಂಚಿನ ಅಂಚು ಆಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಡಿಸ್ಕಿನ ಮೇಲೆ ಬರೆದಿರುವ ಮಿತಿ 80. ಅವನೇ ಮೊಬೈಲಿನಲ್ಲಿ ಗುಣಿಸಿ ನೋಡಿದ. ಏನೂ ಮಾತಾಡಲಿಲ್ಲ. ಮರುವಾರ ನಾನು ಹೋದಾಗ ಸವೆದ ಡಿಸ್ಕುಗಳಿಗೆ ಬೇರೆ ಡಬ್ಬಿ ಇಟ್ಟಿದ್ದ, ಕನ್ನಡಕ ಕಣ್ಣಿನ ಮೇಲಿತ್ತು.

ಶೆಡ್ಡಿನ ಬೋರ್ಡಿನ ಪಕ್ಕದಲ್ಲಿ ಮುಳ್ಳಿನ ವೋಲ್ಟ್‌ಮೀಟರ್ ಒಂದನ್ನು ಕೂರಿಸಿ, 200ರ ಗೆರೆಯ ಮೇಲೆ ನೇಲ್ ಪಾಲಿಶಿನಿಂದ ಕೆಂಪು ಗುರುತು ಹಾಕಿದೆವು. ಮುಳ್ಳು ಅದಕ್ಕಿಂತ ಕೆಳಗಿದ್ದರೆ ದೊಡ್ಡ ಮೆಷಿನ್ ಪ್ಲಗ್ಗಿಗೆ ಹಾಕುವಂತಿಲ್ಲ. ತ್ರೀ ಫೇಸ್ ಹೋದ ಮೇಲೆ, ಪಂಪುಗಳು ನಿಂತ ಮೇಲೆ ಕತ್ತರಿಸಬೇಕು. ಸಂಜೆ ಅಲ್ಲಿ 226 ವೋಲ್ಟ್ ಇರುವುದನ್ನು ನಾನೇ ನೋಡಿದ್ದೇನೆ. ಲೈನಿನ ವೋಲ್ಟೇಜ್ ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ, ಅರ್ಜಿ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಹೊತ್ತು ನೋಡಿ ಕತ್ತರಿಸುವುದು ನಮ್ಮ ಕೈಯಲ್ಲಿದೆ.

2025ರ ಮಾರ್ಚ್ ಕೊನೆಗೆ, ಹೂವಿನ ನೀರು ಮುಗಿದ ಮೇಲೆ, ನಾನೇ ಫೋನ್ ಮಾಡಿ ಮೆಷಿನ್ ತರಿಸಿಕೊಂಡೆ. ಅದೇ ಗೋಣಿಚೀಲದಲ್ಲಿ ಬಂತು, ವಾಸನೆ ಇರಲಿಲ್ಲ. ಕಾರ್ಬನ್ ತೆಗೆದು ಅಳೆದೆ: ಹಾಕುವಾಗ 22 ಮಿಲಿಮೀಟರ್ ಇದ್ದದ್ದು 17 ಇತ್ತು. ಟಾರ್ಚ್ ಬಿಟ್ಟು ಕಮ್ಯುಟೇಟರ್ ನೋಡಿದೆ. ಸುತ್ತಲೂ ಒಂದೇ ಸಮ, ತಿಳಿ ಡಿಕಾಕ್ಷನ್ ಬಣ್ಣದ ಪೊರೆ ಕೂತಿತ್ತು, ಎಲ್ಲೂ ಕಪ್ಪು ಕಲೆ ಇಲ್ಲ. ಕಾರ್ಬನ್ ಮತ್ತೆ ಅದರದರ ಬದಿಗೇ ಹಾಕಿ, ಸ್ಕ್ರೂ ಬಿಗಿದು, ಬಿಲ್ ಪುಸ್ತಕದಲ್ಲಿ ಹಿಂದಿನ ಮೂರು ತಾರೀಕುಗಳ ಕೆಳಗೆ ಆ ದಿನದ ತಾರೀಕು ಬರೆದು, “17 ಮಿ.ಮೀ.” ಅಂತ ಗುರುತು ಹಾಕಿ ಕಳಿಸಿದೆ.